ಮರುಭೂಮಿಯ ಏಕವಾರ್ಷಿಕಗಳಲ್ಲಿ ಮೊಳಕೆಯ ಕಾಲ: ಒಂದು ವಿಚಾರದ ಇತಿಹಾಸ

ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಸಸ್ಯಗಳನ್ನು ಏಕವಾರ್ಷಿಕಗಳೆಂದು ಕರೆಯಲಾಗುತ್ತದೆ. ಮಳೆಯನ್ನು ನಂಬಲಾಗದ ಮರುಭೂಮಿಯಲ್ಲಿ ಇವುಗಳಿಗೆ ಮೊಳೆಯುವುದೇ ಗಂಡಾಂತರದ ಸಂಗತಿ. ಒಮ್ಮೆ ಮೊಳೆತದ್ದು ಮರಳಿ ಬೀಜವಾಗಲಾರದು. ಮುಂದಿನ ಮಳೆ ಕೈಕೊಟ್ಟರೆ ಸಸಿ ಒಣಗಿಹೋಗುತ್ತದೆ. ಆದರೂ ಈ ಸಸ್ಯಗಳು ಸಾವಿರಾರು ವರ್ಷಗಳಿಂದ ಉಳಿದು ಬಂದಿವೆ. ಒಳ್ಳೆಯ ಮಳೆ ಬಂದಾಗಲೂ ಬೀಜಗಳ ಒಂದು ಭಾಗ ಮೊಳೆಯದೆ ನೆಲದಲ್ಲೇ ಉಳಿಯುವುದು ಕೊರತೆಯಲ್ಲ, ವಂಶರಕ್ಷಣೆಯ ಉಪಾಯ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದಲ್ಲಿ ಹಂತಹಂತವಾಗಿ ರೂಪುಗೊಂಡಿತು.

ಬೀಜಗಳು ನೆಲದೊಳಗೆ ದೀರ್ಘಕಾಲ ಜೀವ ಹಿಡಿದಿರಬಲ್ಲವು ಎಂಬುದಕ್ಕೆ ಪ್ರಸಿದ್ಧವಾದ ಪ್ರಯೋಗ 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆರಂಭವಾಯಿತು. ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 21 ಬಗೆಯ ಸಸ್ಯಗಳ ತಲಾ 50 ಬೀಜಗಳನ್ನು ತೇವವಿರುವ ಮರಳಿನೊಂದಿಗೆ ಬೆರೆಸಿ, ಅಂತಹ 20 ಸೀಸೆಗಳನ್ನು ನೆಲದಲ್ಲಿ ಹೂಳಿದರು. 2021ರಲ್ಲಿ ತೆಗೆದ ಸೀಸೆಯಲ್ಲಿಯೂ ವರ್ಬಾಸ್ಕಂ ಕುಲದ ಕೆಲವು ಬೀಜಗಳು ಮೊಳೆತವು. 142 ವರ್ಷ ಕಾದುಕೊಂಡಿದ್ದ ಈ ಬೀಜಗಳು ಅಲ್ಪಾಯುಷಿ ಸಸ್ಯಗಳದ್ದೆಂಬುದು ಗಮನಾರ್ಹ. ಸಸ್ಯದ ಆಯುಷ್ಯ ಮೊಟಕಾದರೂ ಬೀಜದ ಆಯುಷ್ಯ ಹಾಗಿರಬೇಕಿಲ್ಲ.

ಬೀಜ ಬದುಕಿರಬಲ್ಲದು ಎಂದಾದ ಮೇಲೆ, ಅದು ಯಾವಾಗ ಮೊಳೆಯುತ್ತದೆ ಎಂಬ ಪ್ರಶ್ನೆ ಮುಂದಾಯಿತು. ಡಚ್ ಮೂಲದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಗಳಲ್ಲಿ ಇದನ್ನು ಅಧ್ಯಯನ ಮಾಡಿದರು. ಹಗುರವಾದ ಮಳೆಗೆ ಅನೇಕ ಬೀಜಗಳು ಮೊಳೆಯುವುದಿಲ್ಲ. ಮೊಳಕೆಯನ್ನು ತಡೆಯುವ ರಾಸಾಯನಿಕಗಳು ತೊಳೆದುಹೋಗುವಷ್ಟು ಮಳೆ ಬೀಳಬೇಕು. ಮಳೆ ಬಿದ್ದಾಗಿನ ಉಷ್ಣಾಂಶಕ್ಕೆ ತಕ್ಕಂತೆ ಚಳಿಗಾಲದ ಅಥವಾ ಬೇಸಿಗೆಯ ಸಸ್ಯಗಳು ತಲೆಯೆತ್ತುತ್ತವೆ ಎಂದು ಅವರು ತೋರಿಸಿಕೊಟ್ಟರು. ಬೀಜ ಮಳೆಯನ್ನು ಅಳೆಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಎಲ್ಲ ಲಕ್ಷಣಗಳೂ ಅನುಕೂಲವಾಗಿದ್ದಾಗಲೂ ಕೆಲವು ಬೀಜಗಳು ಏಕೆ ಸುಮ್ಮನಿರುತ್ತವೆ ಎಂಬುದಕ್ಕೆ ಇಷ್ಟರಿಂದಲೇ ಉತ್ತರ ದೊರೆಯಲಿಲ್ಲ.

ಉತ್ತರ ಗಣಿತದಿಂದ ಬಂದಿತು. 1966ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಡ್ಯಾನ್ ಕೋಹೆನ್ ಅನಿಶ್ಚಿತ ಪರಿಸರದಲ್ಲಿನ ಸಂತಾನವೃದ್ಧಿಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಅದರ ತಿರುಳನ್ನು ಒಂದು ಕಲ್ಪಿತ ಲೆಕ್ಕದಿಂದ ಗ್ರಹಿಸಬಹುದು. ಒಳ್ಳೆಯ ವರ್ಷದಲ್ಲಿ ಮೊಳೆತ ಬೀಜವೊಂದು 10 ಬೀಜಗಳನ್ನು ಕೊಡುತ್ತದೆ, ಕೆಟ್ಟ ವರ್ಷದಲ್ಲಿ ಏನನ್ನೂ ಕೊಡುವುದಿಲ್ಲ ಎಂದಿಟ್ಟುಕೊಳ್ಳಬಹುದು. ಎಲ್ಲ ಬೀಜಗಳೂ ಮೊಳೆತರೆ ಮೊದಲ ಬರಗಾಲದಲ್ಲೇ ವಂಶ ನಾಶವಾಗುತ್ತದೆ. ಅರ್ಧದಷ್ಟು ಮಾತ್ರ ಮೊಳೆತು, ಉಳಿದವು ಸುರಕ್ಷಿತವಾಗಿದ್ದರೆ, 100 ಬೀಜಗಳು ಒಳ್ಳೆಯ ವರ್ಷದಲ್ಲಿ 550 ಆಗುತ್ತವೆ. ಮರುವರ್ಷ ಬರ ಬಂದರೂ 275 ಉಳಿಯುತ್ತವೆ. ವರ್ಷಗಳ ಫಲ ಒಂದಕ್ಕೊಂದು ಗುಣಿಸಲ್ಪಡುವುದರಿಂದ ಒಂದು ಸೊನ್ನೆ ಎಲ್ಲವನ್ನೂ ಅಳಿಸಿಬಿಡುತ್ತದೆ. ಹಿಂದೆ ಮೈಸೂರು ಸೀಮೆಯ ರೈತರು ನೆಲದಡಿಯ ಹಗೇವುಗಳಲ್ಲಿ ರಾಗಿಯನ್ನು ತುಂಬಿಡುತ್ತಿದ್ದ ವಿವೇಕವೇ ಇಲ್ಲಿಯೂ ಕಾಣುತ್ತದೆ. ಆದರೆ ಸಸ್ಯದಲ್ಲಿ ಇದು ಮುಂದಾಲೋಚನೆಯಲ್ಲ, ನಿಸರ್ಗದ ಆಯ್ಕೆಯ ಫಲ.

ಈ ಸಿದ್ಧಾಂತವನ್ನು ಬಯಲಿನಲ್ಲಿ ಪರೀಕ್ಷಿಸಲು ದಶಕಗಳ ತಾಳ್ಮೆ ಬೇಕಾಯಿತು. ಅರಿಜೋನಾದ ಟುಸಾನ್ ನಗರದ ಟುಮಾಮಾಕ್ ಗುಡ್ಡದಲ್ಲಿ ಕಾರ್ನೆಗಿ ಸಂಸ್ಥೆಯು 1903ರಲ್ಲಿ ಮರುಭೂಮಿ ಪ್ರಯೋಗಾಲಯವನ್ನು ಸ್ಥಾಪಿಸಿತ್ತು. ಸಂಸ್ಥೆಯು 1940ರಲ್ಲಿ ಅದನ್ನು ಬಿಟ್ಟುಕೊಟ್ಟಿತು. 1960ರಲ್ಲಿ ಅದು ಅರಿಜೋನಾ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅಲ್ಲಿ ಲಾರೆನ್ಸ್ ವೆನಬಲ್ 1982ರಿಂದ ಚಳಿಗಾಲದ ಏಕವಾರ್ಷಿಕಗಳ ಮೊಳಕೆ, ಉಳಿವು ಮತ್ತು ಬೀಜೋತ್ಪತ್ತಿಯನ್ನು ವರ್ಷವರ್ಷವೂ ದಾಖಲಿಸತೊಡಗಿದರು. ಫಲದಲ್ಲಿ ಹೆಚ್ಚು ಏರಿಳಿತವಿರುವ ಪ್ರಭೇದಗಳಲ್ಲಿ ಮೊಳೆಯುವ ಬೀಜಗಳ ಪ್ರಮಾಣ ಕಡಿಮೆ ಎಂಬುದನ್ನು ಅವರ 2007ರ ಪ್ರಬಂಧ ತೋರಿಸಿತು. ಕೋಹೆನ್ ಅವರ ಊಹೆಗೆ ಇದು ಬಲವಾದ ಆಧಾರವಾಯಿತು.

ಇದೇ ದಾಖಲೆಗಳು ಇನ್ನೊಂದು ಎಚ್ಚರಿಕೆಯನ್ನೂ ನೀಡಿವೆ. ಚಳಿಗಾಲದ ಮಳೆ ತಡವಾಗಿ ಬರತೊಡಗಿದ್ದರಿಂದ ಮೊಳಕೆಯೂ ಹೆಚ್ಚು ಚಳಿಯ ದಿನಗಳಿಗೆ ಸರಿದಿದೆ. ಒಟ್ಟಾರೆ ಹವೆ ಬಿಸಿಯಾಗುತ್ತಿದ್ದರೂ ಚಳಿಗೆ ಹೊಂದಿಕೊಂಡ ಪ್ರಭೇದಗಳೇ ಮೇಲುಗೈ ಪಡೆದಿವೆ ಎಂದು 2010ರಲ್ಲಿ ಸಾರಾ ಕಿಂಬಾಲ್ ಮತ್ತು ಸಂಗಡಿಗರು ವರದಿ ಮಾಡಿದರು. ಸರಾಸರಿ ಉಷ್ಣಾಂಶವನ್ನಷ್ಟೇ ನೋಡಿದವರಿಗೆ ಇದು ಹೊಳೆಯುವಂತಹುದಲ್ಲ. ಮೊಳಕೆಯ ದಿನವನ್ನು ಬರೆದಿಟ್ಟವರಿಗೆ ಮಾತ್ರ ಕಂಡ ಸತ್ಯವಿದು.

ನೆಲದೊಳಗಿನ ಬೀಜಭಂಡಾರ ಕಳೆದುಹೋದ ವರ್ಷಗಳ ಮಳೆ-ಬರಗಳ ಅನುಭವಕ್ಕೆ ಹೊಂದಿಕೊಂಡು ರೂಪುಗೊಂಡದ್ದು. ಮುಂಬರುವ ವರ್ಷಗಳು ಆ ಅಳತೆಯನ್ನು ಮೀರಿದರೆ ಅದೇ ಪ್ರಮಾಣದ ಉಳಿತಾಯ ಸಾಕಾಗದೆ ಹೋಗಬಹುದು. ಈ ಸಸ್ಯಗಳ ಅಳಿವು-ಉಳಿವನ್ನು ಮುಂಚಿತವಾಗಿ ಅರಿಯಬೇಕಾದರೆ ಮೇಲೆ ಕಾಣುವ ಹೂಗಳನ್ನಷ್ಟೇ ಎಣಿಸಿದರೆ ಸಾಲದು. ಮೊಳೆಯದೆ ಉಳಿದ ಬೀಜಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.