ಟೋಪಿಯೊಳಗಿನ ಜೇನು, ತಲೆಯೊಳಗಿನ ಹುಳ

ಕಳೆದ ವಾರ ಪುಣೆಯ ನಮ್ಮ ಆಫೀಸಲ್ಲಿ ನಾನೊಂದು ಎಡವಟ್ಟು ಮಾಡಿದೆ. ಸಹೋದ್ಯೋಗಿಯೊಬ್ಬರು ಬ್ಯಾಕಪ್ ಸರಿಯಾಗಿ ಆಗ್ತಿಲ್ಲ ಅಂತ ಮೂರು ಮೀಟಿಂಗ್‌ನಿಂದ ಹೇಳ್ತಾನೇ ಇದ್ರು. ಅವರ ಪಟ್ಟು ಮೆಚ್ಚಿ, 'ಹೀ ಹ್ಯಾಸ್ ಎ ಬೀ ಇನ್ ಹಿಸ್ ಬಾನೆಟ್' ಅಂದುಬಿಟ್ಟೆ. ಎಲ್ಲರೂ ನಕ್ಕರು. ಬ್ಯಾಕಪ್ ವಿಷಯ ಅಲ್ಲಿಗೇ ನಿಂತುಹೋಯ್ತು. ಅವರ ಮುಖ ನೋಡಿದಾಗಲೇ ನನಗೆ ಅನುಮಾನ ಬಂದಿದ್ದು: ನಾನು ಹೇಳಿದ್ದು ಹೊಗಳಿಕೆ ಹೌದಾ?

ಬಾನೆಟ್ ಅಂದ್ರೆ ಇಲ್ಲಿ ಕಾರಿನದ್ದಲ್ಲ, ಟೋಪಿ. ಸ್ಕಾಟ್ಲೆಂಡಿನ ಗಂಡಸರ ಉಣ್ಣೆ ಟೋಪಿಗೂ ಅದೇ ಹೆಸರು. ಆದರೆ ಜೇನುನೊಣ ಮೊದಲು ಹೊಕ್ಕಿದ್ದು ಟೋಪಿಗಲ್ಲ, ನೇರ ತಲೆಗೇ. ಗ್ಯಾವಿನ್ ಡಗ್ಲಸ್ ಅನ್ನೋ ಪಾದ್ರಿ-ಕವಿ ವರ್ಜಿಲನ 'ಈನಿಡ್' ಕಾವ್ಯವನ್ನ ಸ್ಕಾಟ್ಸ್ ಭಾಷೆಗೆ ತಂದ. ಮುಗಿಸಿದ್ದು 1513ರ ಜುಲೈನಲ್ಲಿ. ಪ್ರತಿ ಕಾಂಡಕ್ಕೂ ತನ್ನದೇ ಪೀಠಿಕೆ ಬರೆದ. ಎಂಟನೆಯದರಲ್ಲಿ 'ತಲೆ ತುಂಬ ಜೇನು' ಅನ್ನೋ ಮಾತಿದೆ. ಎರಡೇ ತಿಂಗಳಲ್ಲಿ ಫ್ಲಾಡನ್ ಯುದ್ಧ ಆಗಿ ಅವನ ದೊರೆ ನಾಲ್ಕನೇ ಜೇಮ್ಸ್ ಸತ್ತ. ಡಗ್ಲಸ್ ಕೂಡ ರಾಜಕೀಯದಲ್ಲಿ ಸಿಕ್ಕಿಕೊಂಡು 1522ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾಗಿದ್ದು 1553ರಲ್ಲಿ, ಪಾಪ.

ಜೇನು ಟೋಪಿಯ ಹತ್ತಿರ ಬರೋದು ರಾಬರ್ಟ್ ಹೆರಿಕ್‌ನ 1648ರ ಸಂಕಲನದಲ್ಲಿ. ಅಲ್ಲಿ ಮಾತಾಡೋಳು ಪ್ರಿಯನನ್ನ ಕಳಕೊಂಡು ಬುದ್ಧಿ ಕೆಟ್ಟ ಹುಡುಗಿ. 1845ರಲ್ಲಿ ಡಿ ಕ್ವಿನ್ಸಿ ಸರ್ಜನ್ ಜಾನ್ ಹಂಟರ್ ಬಗ್ಗೆ ಬರೆಯುವಾಗ ಇದೇ ನುಡಿಗಟ್ಟು ಬಳಸ್ತಾನೆ: ಟೋಪಿಯಲ್ಲಿ ಜೇನು ಇದ್ದರೂ ಮನುಷ್ಯ ದೊಡ್ಡವನು, ಅನ್ನೋ ಅರ್ಥದಲ್ಲಿ. ಆ 'ಇದ್ದರೂ' ಗಮನಿಸಿ. ನನ್ನ ತಪ್ಪು ಗೊತ್ತಾಗಿದ್ದು ಅಲ್ಲೇ. ಒಂದು ಯೋಚನೆ ಬಿಡದೆ ಕಾಡ್ತಿದೆ ಅಂತಷ್ಟೇ ಅಲ್ಲ, ಅದು ಸ್ವಲ್ಪ ಅತಿಯಾಯ್ತು ಅಂತಲೂ ಈ ಮಾತು ಹೇಳುತ್ತೆ. ನಮ್ಮ ಬಗ್ಗೆ ನಾವೇ ಹೇಳಿಕೊಂಡರೆ ತಮಾಷೆ, ಇನ್ನೊಬ್ಬರಿಗೆ ಅಂದರೆ ಕೊಂಕು.

ನಾವು 'ತಲೆಗೆ ಹುಳ ಬಿಟ್ಟ' ಅಂತೀವಲ್ಲ, ಕೀಟ ಅಲ್ಲೂ ಇದೆ. ಆದ್ರೆ ನಮ್ಮಲ್ಲಿ ಹುಳ ಬಿಟ್ಟವನು ಬೇರೆಯವನು. ತಲೆ ಕೆಡಿಸಿಕೊಂಡವನ ಮೇಲೆ ತಪ್ಪಿಲ್ಲ. ಇಂಗ್ಲಿಷ್ ಜೇನು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನಮ್ಮ ಮೀಟಿಂಗಲ್ಲೂ ಅಷ್ಟೇ, ಬ್ಯಾಕಪ್ ಯಾಕೆ ಕೈಕೊಡ್ತಿದೆ ಅಂತ ಯಾರೂ ಕೇಳಲಿಲ್ಲ.

ಸೋಮವಾರದ ಮೀಟಿಂಗಿಗೆ ಅದನ್ನೇ ಮೊದಲ ವಿಷಯ ಅಂತ ಹಾಕಿದೀನಿ. ಮಾತಾಡೋರು ಅವರೇ.