ಹೆಣೆದ ಕಾಗದದ ಹೃದಯ

ಡೆನ್ಮಾರ್ಕಿನಲ್ಲಿ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ, ಹೃದಯದಾಕಾರದ ಪುಟ್ಟ ಕಾಗದದ ಬುಟ್ಟಿ. ಡೇನಿಶ್ ಭಾಷೆಯಲ್ಲಿ ಇದರ ಹೆಸರು ಯೂಲೆಯೆರ್ಟೆ, ಅಂದರೆ ಕ್ರಿಸ್ಮಸ್ ಹೃದಯ. ಇಂದು ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸಿರುವುದು ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ್ದು. ಕತ್ತರಿಯಿಂದ ಕಾಗದದಲ್ಲಿ ಚಿತ್ರ ಬಿಡಿಸುವುದರಲ್ಲಿ ಅವನದು ಪಳಗಿದ ಕೈ.

ಎರಡು ಬಣ್ಣದ, ಹೆಚ್ಚಾಗಿ ಕೆಂಪು ಮತ್ತು ಬಿಳಿಯ, ನುಣುಪು ಕಾಗದ ಸಾಕು. ಅಂಟು ಬೇಕಿರುವುದು ಹಿಡಿಕೆಗೆ ಮಾತ್ರ. ಒಂದೊಂದನ್ನೂ ಎರಡಾಗಿ ಮಡಚಿ, ಬಿಡಿ ತುದಿಯನ್ನು ದುಂಡಗೆ ಕತ್ತರಿಸಿ, ಮಡಿಕೆಯ ಕಡೆಯಿಂದ ಸಮನಾಗಿ ಸೀಳಬೇಕು. ಸೀಳು ಕಾಗದದ ಅಗಲಕ್ಕಿಂತ ಕೂದಲೆಳೆಯಷ್ಟು ಉದ್ದವಿರಲಿ. ಇಲ್ಲವಾದರೆ ಕೊನೆಯ ಪಟ್ಟಿ ತೂರುವಾಗ ಕಾಗದ ಹರಿಯುತ್ತದೆ.

ಹೆಣಿಗೆ ಚಾಪೆಯಂತೆ ಮೇಲೆ ಕೆಳಗೆ ಹೋಗುವುದಲ್ಲ, ಇದರ ಸೊಗಸೇ ಬೇರೆ. ಪ್ರತಿ ಪಟ್ಟಿಯೂ ಎರಡು ಪದರ. ಕೆಂಪು ಪಟ್ಟಿ ಮೊದಲ ಬಿಳಿ ಪಟ್ಟಿಯ ಒಳಗೆ ತೂರುತ್ತದೆ, ಮುಂದಿನದನ್ನು ತನ್ನೊಳಗೆ ತೂರಿಸಿಕೊಳ್ಳುತ್ತದೆ. ಮರುಸಾಲಿನಲ್ಲಿ ಇದೇ ಅದಲುಬದಲು. ಹಾಗಾಗಿಯೇ ಹೃದಯ ಚೀಲದಂತೆ ಬಾಯಿ ತೆರೆಯುತ್ತದೆ. ಅದರೊಳಗೆ ಮಿಠಾಯಿ, ಬೀಜಗಳನ್ನು ತುಂಬಿ ಕೊಂಬೆಗೆ ಸಿಕ್ಕಿಸುತ್ತಾರೆ.