ಸ್ವರಾತ್ಮ

ಬೆಂಗಳೂರಿನ ಜಾನಪದ-ರಾಕ್ ವಾದ್ಯವೃಂದ. ಈ ಶತಮಾನದ ಆದಿಯಲ್ಲಿ ಗಾಯಕ ವಾಸು ದೀಕ್ಷಿತರ ಮುಂದಾಳುತನದಲ್ಲಿ ರೂಪುಗೊಂಡು, ಗಿಟಾರು, ಡ್ರಮ್ಮು, ಪಿಟೀಲುಗಳನ್ನು ಸಮರಸವಾಗಿ ಮೇಳೈಸಿ, ಕನ್ನಡ ಹಿಂದಿಗಳೆರಡರಲ್ಲಿಯೂ ಸ್ವರಚಿತ ಗೀತೆಗಳನ್ನು ಹಾಡುತ್ತ ಬಂದಿದೆ. ರಾಕ್ ಸಂಗೀತದ ಪಂಕ್ ಪಂಥದ ತೀವ್ರಗತಿ ಇದರದಲ್ಲವಾದರೂ ಆ ಪಂಥದ ಉಲ್ಲಾಸ ಇಲ್ಲಿ ಧಾರಾಳವಾಗಿದೆ.

ಇದರ ನಿಜವಾದ ಸತ್ತ್ವವು ಪ್ರಕಟವಾಗುವುದು ಧ್ವನಿಮುದ್ರಿಕೆಗಿಂತಲೂ ಮಿಗಿಲಾಗಿ ರಂಗದ ಮೇಲೆ. ಬಣ್ಣಬಣ್ಣದ ವೇಷ ತೊಟ್ಟ ಕಲಾವಿದರ ನಡುವೆ, ನಮ್ಮ ಜಾತ್ರೆಗಳ ಕೀಲುಕುದುರೆಯಂತೆ ಸೊಂಟಕ್ಕೆ ಕುದುರೆಯನ್ನು ಕಟ್ಟಿಕೊಂಡು ಗಾಯಕನು ಕುಣಿಯುತ್ತ ಪ್ರವೇಶಿಸಿದೊಡನೆ ಸಭೆಯೂ ಹರ್ಷದಿಂದ ಕುಣಿಯತೊಡಗುತ್ತದೆ. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ಮದ್ದಳೆ, ತಾಳಗಳನ್ನು ಹಿಡಿದ ವಾದಕರನ್ನೂ ನರ್ತಕಿಯರನ್ನೂ ಒಂದೆಡೆ ಕಂಡರಿಸಿದ ಹೊಯ್ಸಳ ಶಿಲ್ಪಿಗಳಿಗೆ ವಾದನ ನರ್ತನಗಳು ಬೇರೆಬೇರೆಯಾಗಿರಲಿಲ್ಲ. ಆ ಸಮನ್ವಯವೇ ಈ ತಂಡದ ರಂಗಪ್ರಯೋಗದಲ್ಲಿಯೂ ಕಾಣುವುದೆಂದರೆ ಅತ್ಯುಕ್ತಿಯಾಗದು. ವಿನೋದದ ಒಳಗೇ ಸಾಮಾಜಿಕ ಚಿಂತನೆಯನ್ನು ಅಡಗಿಸುವುದು ಇದರ ಮತ್ತೊಂದು ಗುಣ. ರಾಜಕಾರಣಿಯನ್ನು ವಿಡಂಬಿಸುವ ‘ಟೋಪಿವಾಲೆ’ ಗೀತೆ ಇದಕ್ಕೆ ನಿದರ್ಶನ.

ಪ್ರಥಮ ಗೀತಸಂಪುಟ ‘ಸ್ವರಾತ್ಮ’ 2009ರಲ್ಲಿಯೂ, ‘ಟೋಪಿವಾಲೆ’ 2012ರಲ್ಲಿಯೂ, ‘ರಾಹ್-ಎ-ಫಕೀರಾ’ 2018ರಲ್ಲಿಯೂ ಪ್ರಕಟವಾದವು. ಬ್ರಿಟಿಷ್ ಕೌನ್ಸಿಲಿನ ಯೋಜನೆಯೊಂದರ ಅಂಗವಾಗಿ ಆಂಗ್ಲ ಧ್ವನಿಮುದ್ರಣ ನಿರ್ಮಾಪಕ ಜಾನ್ ಲೆಕಿಯೊಡನೆ ದುಡಿದ ತಂಡವು ಇಂಗ್ಲೆಂಡಿನಲ್ಲಿಯೂ ಕಛೇರಿ ನಡೆಸಿದೆ.